ಹೊಗೆ ಕೊಳವೆ ಮುಟ್ಟಿದ ಇನ್‌ಸ್ಪೆಕ್ಟರ್

ಅಣು ವಿದ್ಯುತ್ ಸ್ಥಾವರದ ಜನರೇಟರ್ ಕೋಣೆಯಲ್ಲಿ ಬೆಳಗ್ಗೆ ಒಂಬತ್ತಕ್ಕೇ ಸುಟ್ಟ ಡೀಸೆಲ್ ವಾಸನೆ. ಸುರಕ್ಷತಾ ಇನ್‌ಸ್ಪೆಕ್ಟರ್ ಸ್ಟಾಪ್‌ವಾಚ್ ತೆಗೆಯಲಿಲ್ಲ. ಕೈಗವಸು ಕಳಚಿ ಎಂಜಿನ್‌ನ ಹೊಗೆ ಕೊಳವೆ ಮುಟ್ಟಿದವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

“ಏನ್ ಮೇಸ್ತ್ರಿ, ನಾನು ಬರೋಕೆ ಮುಂಚೆನೇ ಓಡ್ಸಿದ್ರಾ?”

“ಒಂದೇ ಸಲ ಮೇಡಂ. ನಿಮ್ಮೆದುರು ಮಾನ ಹೋಗಬಾರದಲ್ವಾ? ಯಾವಾಗ್ಲೂ ಹಾಗೇ ಮಾಡೋದು.”

ಎಂಜಿನ್ ನೋಡಿಕೊಳ್ಳುವ ಮೇಸ್ತ್ರಿಯ ದನಿಯಲ್ಲಿ ಕಪಟವಿರಲಿಲ್ಲ.

“ಕರೆಂಟ್ ಹೋಗೋಕೆ ಮುಂಚೆ ನಿಮಗೆ ಫೋನ್ ಮಾಡಿ ಹೇಳುತ್ತಾ?”

ಹೊರಗಿನ ವಿದ್ಯುತ್ ನಿಂತರೆ ರಿಯಾಕ್ಟರನ್ನು ತಂಪಾಗಿಡುವ ಪಂಪುಗಳಿಗೆ ಈ ಎಂಜಿನ್ನೇ ಗತಿ. ಸುಮ್ಮನೆ ತಣ್ಣಗೆ ನಿಂತಿದ್ದ ಎಂಜಿನ್ ಹತ್ತು ಸೆಕೆಂಡಿನೊಳಗೆ ಪೂರ್ಣ ವೇಗಕ್ಕೆ ಬರಬೇಕೆಂಬುದು ನಿಯಮ. ಪರೀಕ್ಷೆಯನ್ನು ಇನ್‌ಸ್ಪೆಕ್ಟರ್ ಮರುದಿನಕ್ಕೆ ಹಾಕಿದರು. ನಿಜವಾಗಿ ವಿದ್ಯುತ್ ಹೋದ ಹೊರತು ಅಲ್ಲಿಯವರೆಗೆ ಎಂಜಿನ್ ಓಡಿಸುವಂತಿಲ್ಲ ಎಂದು ದಾಖಲೆ ಪುಸ್ತಕದಲ್ಲಿ ಬರೆದರು.

ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಒಂದೂ ತಪ್ಪು ವರದಿ ಕೊಟ್ಟಿಲ್ಲವೆಂಬ ಹೆಸರು ಅವರಿಗಿತ್ತು. ಇದೇ ಎಂಜಿನ್‌ನ ಹಿಂದಿನ ಆರು ವರದಿಗಳಿಗೆ ಸಹಿ ಹಾಕಿದವರೂ ಅವರೇ.

“ಅಮ್ಮಾ, ಇನ್ಮೇಲೆ ಸರಿ ಮಾಡಿದ್ರೆ ಸಾಲ್ದಾ?” ಎಂದಳು ಮಗಳು, ಸಂಜೆ ಬಟ್ಟೆ ಮಡಚುತ್ತ. “ಹಳೇದನ್ನ ಯಾಕೆ ಕೆದಕ್ತೀಯಾ? ಲೈಬ್ರರಿಗೆ ಹೋಗಿ ಆ ವರದಿ ಯಾರು ಓದ್ತಾರೆ?”

“ಯಾರು ಬೇಕಾದ್ರೂ ಓದ್ಲಿ ಅಂತಾನೇ ಕಾನೂನು ಅದನ್ನ ಅಲ್ಲಿಡ್ಸಿರೋದು ಕಣೇ. ನಿನ್ನ ಟವೆಲ್ ನೀನೇ ಮಡಚು.”

ಮರುದಿನ ಕೊಳವೆ ತಣ್ಣಗಿತ್ತು. ಗುಂಡಿ ಒತ್ತಿದಾಗ ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಎಂಜಿನ್ ಒಮ್ಮೆ ಕೆಮ್ಮಿತು, ಆಮೇಲೆ ನೆಲವೇ ನಡುಗುವಂತೆ ಎದ್ದು ಓಡಿತು.

“ಎಂಟು ಪಾಯಿಂಟ್ ನಾಲ್ಕು,” ಎಂದು ಇನ್‌ಸ್ಪೆಕ್ಟರ್ ಕೂಗಬೇಕಾಯಿತು.

ಮೇಸ್ತ್ರಿ ಈ ಕಡೆ ತಿರುಗಿದರು. “ನೋಡಿದ್ರಾ ಮೇಡಂ! ಇದನ್ನ ನಂಬದೆ ಇಷ್ಟು ದಿನ ನಾನೇ ಇದಕ್ಕೆ ಅವಮಾನ ಮಾಡ್ದೆ.”

ಹೊಸ ಅಂಕಿಯ ಕೆಳಗೆ ಇನ್‌ಸ್ಪೆಕ್ಟರ್ ಇನ್ನೆರಡು ಸಾಲು ಬರೆದರು: “ಹಿಂದಿನ ಆರು ಪರೀಕ್ಷೆಗಳು ಮೊದಲೇ ಓಡಿಸಿದ ಎಂಜಿನ್ ಮೇಲೆ ನಡೆದಿವೆ. ಅದನ್ನು ಗಮನಿಸದೆ ಸಹಿ ಹಾಕಿದವಳು ನಾನು.” ಅದರ ಕೆಳಗೆ ಏಳನೆಯ ಸಹಿಯನ್ನು ಹಾಕಿದರು.

ಸೋಮವಾರ ಸಂಜೆ ಐದಕ್ಕೆ ಲೈಬ್ರರಿಯ ಸಭಾಂಗಣದಲ್ಲಿ ಸಾರ್ವಜನಿಕ ಸಭೆಯಿದೆ. ವರದಿಯನ್ನು ಅವರೇ ಓದುತ್ತಾರೆ. ಮುಂದಿನ ಸಾಲಿನಲ್ಲಿ ತನಗೊಂದು, ಮೇಸ್ತ್ರಿಗೊಂದು ಕುರ್ಚಿ ಹಿಡಿದಿಡುವುದಾಗಿ ಮಗಳು ಹೇಳಿದ್ದಾಳೆ.