ತಾರಸಿಯ ನೀರು ಇಳಿದ ದಾರಿ

ಫೆಬ್ರವರಿ ಕಳೆದರೆ ನಮ್ಮ ಮನೆಯ ನೀರಿಗೆ ಕಾಫಿ ಗಿಡಗಳೇ ಯಜಮಾನರು. ಬಾವಿಯ ಮೋಟಾರು ತೋಟದ ಸ್ಪ್ರಿಂಕ್ಲರಿಗೆ ತಿರುಗುತ್ತದೆ, ಗಿಡ ಹೂ ಬಿಡುವವರೆಗೆ ಮನೆಯ ನಲ್ಲಿಗಳು ಒಣಗಿ ನಿಲ್ಲುತ್ತವೆ. ಮಲೆನಾಡಿನ ಹೊಸಕೋಟೆ ಕಡೆಯ ಈ ಗುಡ್ಡಗಳಲ್ಲಿ ಇದನ್ನು ಯಾರೂ ಅನ್ಯಾಯ ಅನ್ನುವುದಿಲ್ಲ. ನಾನು ಅನ್ನುತ್ತಿದ್ದೆ, ಜೋರಾಗಿಯೇ. ಅನ್ನುತ್ತಲೇ ಇಪ್ಪತ್ತೆರಡು ಬೇಸಿಗೆ ಮನೆ ಕೆಳಗಿನ ಒರತೆಯಿಂದ ಕೊಡ ಹೊತ್ತು ಗುಡ್ಡ ಹತ್ತಿದೆ.

ಈ ವರ್ಷ ಬಲಮೊಣಕಾಲು ಕೈಕೊಟ್ಟಿತು. ಇನ್ನು ಭಾರ ಹೊತ್ತು ಹತ್ತಬೇಡಿ ಎಂದರು ಡಾಕ್ಟರು. "ಹೂಮಳೆ ಬರೋಗಂಟ ಸುಧಾರ್ಸ್ಕೊ ಕಣೇ" ಎಂದರು ನನ್ನವರು. ಸುಧಾರಿಸಿದ್ದು ಸಾಕಾಗಿತ್ತು. ಬಾಳ್ಳುಪೇಟೆಯಿಂದ ಪ್ಲಂಬರನ್ನು ಕರೆಸಿ, ತಾರಸಿಯಿಂದ ಚರಂಡಿಗೆ ಇಳಿಯುತ್ತಿದ್ದ ಪೈಪುಗಳನ್ನೆಲ್ಲ ಸೇರಿಸಿ ಎರಡು ಸಾವಿರ ಲೀಟರಿನ ಕರಿ ಟ್ಯಾಂಕಿಗೆ ಕೊಡಲು ಹೇಳಿದೆ.

"ಅಕ್ಕಾ, ಮೊದ್ಲ ಮಳೆ ನೀರು ಗಲೀಜಿರ್ತೈತೆ. ಇಲ್ಲೊಂದು ವಾಲ್ ಕೂರಿಸ್ತೀನಿ, ಅದನ್ನ ಚರಂಡಿಗೆ ಬಿಟ್ಬುಡಿ."

"ಒಂದು ಹನಿನೂ ಚರಂಡಿಗೆ ಹೋಗ್ಬಾರ್ದು ಮಾರಾಯ" ಎಂದೆ. ಅವನು ವಾಲನ್ನು ಚೀಲಕ್ಕೆ ಹಾಕಿಕೊಂಡು ಪೈಪನ್ನು ನೇರ ಟ್ಯಾಂಕಿಗೇ ಕೂರಿಸಿದ.

ಒಂದು ಮಧ್ಯಾಹ್ನ, ಕಾಫಿ ಹೂ ಅರಳಿಸುವ ಆ ಹೂಮಳೆ ಬಂತು. ಟ್ಯಾಂಕಿಗೆ ಅಂಗೈ ಒತ್ತಿ ನಿಂತೆ. ಒಳಗೆ ನೀರು ಏರಿದಂತೆ ಹೊರಗೂ ತಂಪು ಏರುತ್ತಿತ್ತು. ಕೈಯನ್ನು ಮೇಲೆ ಮೇಲೆ ಸರಿಸುತ್ತಾ ಹೋದೆ. ಒಂದು ಗಂಟೆಯೊಳಗೆ ತಂಪು ನನ್ನ ಹೆಗಲ ಮಟ್ಟಕ್ಕೆ ಬಂತು. ಒಂದು ತಿಂಗಳ ಕೊಡಗಳು!

ಟ್ಯಾಂಕಿನ ನಲ್ಲಿ ತಿರುಗಿಸಿದರೆ ಬಂದದ್ದು ಡಿಕಾಕ್ಷನ್ ಬಣ್ಣದ ನೀರು. ಕಣ ಸಾಲದೆ ಈ ವರ್ಷ ಮೊದಲ ಸಲ ಜನವರಿಯಿಡೀ ಅದೇ ತಾರಸಿಯ ಮೇಲೆ ಕಾಫಿ ಹಣ್ಣು ಒಣಗಿಸಿದ್ದೆವು. ಗುಡಿಸಿದ್ದೆ ನಿಜ, ಆದರೆ ನೆಲಕ್ಕೆ ಅಂಟಿದ್ದ ರಸವೂ ಸಿಪ್ಪೆಯೂ ನೆನೆದು ಇಳಿದಿದ್ದವು. ಹುಳಿ ವಾಸನೆ ಬೇರೆ. ನನ್ನವರು ಇಣುಕಿ, "ಹಾಲು ಸಕ್ಕರೆ ಹಾಕ್ಬುಟ್ರೆ ಆಯ್ತು" ಎಂದರು. ನನಗೆ ಅಳು ಬಂತು. ಅಳುತ್ತಲೇ ಅಷ್ಟೂ ನೀರನ್ನು ಚರಂಡಿಗೆ ಬಿಟ್ಟೆ. ನಮ್ಮ ಚರಂಡಿ ಹಿತ್ತಲಿನ ಬಂಡೆಯ ಬಿರುಕಿನಲ್ಲಿ ಇಳಿದು ಮಾಯವಾಗುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿದ್ದಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕ ಕೊಡ ಹಿಡಿದು, ಕುಂಟುತ್ತಾ ಮತ್ತೆ ಒರತೆಗೆ ಇಳಿದೆ. ಅದ್ದಲು ಬಗ್ಗಿದವಳು ಅಲ್ಲೇ ಕುಳಿತುಬಿಟ್ಟೆ. ಯಾವತ್ತೂ ತಿಳಿಯಾಗಿರುತ್ತಿದ್ದ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಅದೇ ಹುಳಿ ವಾಸನೆ. ಬಂಡೆಯ ಸಂದಿಯಿಂದ ಒಂದು ಕಾಫಿ ಸಿಪ್ಪೆ ನನ್ನ ಕಣ್ಣೆದುರೇ ಹೊರಬಂದು ತೇಲಿತು.

ಎಲ್ಲೋ ಪಾತಾಳದ ಗಂಗೆ ಎಂದುಕೊಂಡು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದೆ. ಆಷಾಢದಲ್ಲಿ ನಮ್ಮ ತಾರಸಿಯಿಂದ ಜಾರಿದ ನೀರನ್ನು ಈ ಗುಡ್ಡ ಬೇಸಿಗೆಯವರೆಗೂ ಜೋಪಾನ ಮಾಡಿ ನನಗೇ ಕೊಡುತ್ತಿತ್ತು. ಕೈಮುಗಿಯುವುದೋ ನಗುವುದೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಪ್ಲಂಬರ್ ಮತ್ತೆ ಬಂದು ವಾಲ್ ಕೂರಿಸಿದ. ಈಗ ಮೊದಲ ಗಲೀಜು ನೀರು ವಾಲ್ ದಾಟಿ ಕಾಫಿ ಗಿಡಗಳಿಗೆ ಹೋಗುತ್ತದೆ, ಆಮೇಲಿನದು ಟ್ಯಾಂಕಿಗೆ. ತುಂಬಿ ಉಕ್ಕಿದ್ದಕ್ಕೆ ಚರಂಡಿಯ ಕಡೆ ಇನ್ನೊಂದು ಪೈಪು ಹಾಕು ಎಂದೆ.

"ಒಂದು ಹನಿನೂ ಬ್ಯಾಡ ಅಂದಿದ್ರಲ್ಲ ಅಕ್ಕಾ?"

"ಹಾಕಪ್ಪ. ಇಪ್ಪತ್ತೆರಡು ವರ್ಷ ನಾನು ಮೇಲಕ್ಕೆ ಹೊತ್ತಿದ್ದು ಇದೇ ತಾರಸಿ ನೀರನ್ನ."