ಅತ್ತಿಗೆಯ ಮೂರು ದಿನ

ನಮ್ಮ ಅತ್ತಿಗೆ ಒಂದು ವರ್ಷದಿಂದ ಮನೆಮಂದಿಗೆಲ್ಲ ಒಂದೇ ಸುಳ್ಳು ಹೇಳುತ್ತಿದ್ದರು. ಅದನ್ನು ಬಯಲಿಗೆಳೆದ ಪಾಪ ನನ್ನದು. ಎಳೆದ ಮೇಲೆ, ಯಾಕಾದರೂ ಎಳೆದೆನೋ ಎಂದು ಎರಡು ದಿನ ಊಟ ರುಚಿಸಲಿಲ್ಲ.

ಅತ್ತಿಗೆಯನ್ನು ನೀವು ಬಲ್ಲಿರಿ. ಅವರ ಮಾವಿನಮಿಡಿ ಉಪ್ಪಿನಕಾಯಿಯ ಬಗ್ಗೆ ಇದೇ ಪುಟದಲ್ಲಿ ಬರೆದಾಗ ಎಷ್ಟೊಂದು ಜನ ಕಾಗದ ಹಾಕಿದ್ದಿರಿ! ಹೊಸಬರಿಗಾಗಿ ಹೇಳುತ್ತೇನೆ. ಅವರು ನನ್ನ ಅಣ್ಣನ ಹೆಂಡತಿ. ವಯಸ್ಸು ಐವತ್ತೊಂದು. ರಾಜಾಜಿನಗರದಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಎರಡೇ ಬೀದಿ. ಅಣ್ಣ ಒಂದು ಫ್ಯಾಕ್ಟರಿಯ ಟೈಂ ಆಫೀಸಿನಲ್ಲಿ ಗುಮಾಸ್ತ. ಆ ಮನೆಯಲ್ಲಿ ಅಣ್ಣ, ಅತ್ತಿಗೆ, ನಮ್ಮಮ್ಮ, ಕೆಲಸಕ್ಕೆ ಹೋಗುವ ಇಬ್ಬರು ಗಂಡುಮಕ್ಕಳು. ಮತ್ತೆ ನೆಂಟರು. ಉಲ್ಲಾಳದಿಂದ, ಕೆಂಗೇರಿಯಿಂದ ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು, ಸಿನಿಮಾ ನೋಡಲು ಬಂದವರು, ಎಲ್ಲರೂ ಇಳಿಯುವುದು ಅಲ್ಲೇ. (ನನ್ನ ಮನೆಯಲ್ಲಿ ಯಾರೂ ಇಳಿಯುವುದಿಲ್ಲ. ನನ್ನ ಅಡುಗೆಯ ಕೀರ್ತಿ ಅಷ್ಟು ದೂರ ಹಬ್ಬಿದೆ.)

ಕಾರ್ತಿಕದ ಒಂದು ಬೆಳಿಗ್ಗೆ ಹೆಪ್ಪಿಗೆ ಮಜ್ಜಿಗೆ ಬೇಕೆಂದು ಅಲ್ಲಿಗೆ ಹೋದೆ. ಹೊರಗೆ ಕೊರೆಯುವ ಚಳಿ. ಶಾಲು ಹೊದ್ದು ಹೋದವಳು ನಾನು. ಅಡುಗೆಮನೆಯಲ್ಲಿ ಅತ್ತಿಗೆ ಒಲೆಗೆ ಬೆನ್ನು ಮಾಡಿ ನಿಂತು ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು! ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ರವಿಕೆ ನೆನೆದು ಬೆನ್ನಿಗೆ ಅಂಟಿತ್ತು.

“ಏನತ್ತಿಗೆ ಇದು?”

“ಏನಿಲ್ಲ ಕಣೇ ರತ್ನ. ಹೀಗೇ ಒಂದು ಕಾವು ಬರುತ್ತೆ, ಹೋಗುತ್ತೆ. ಮಜ್ಜಿಗೆ ತಾನೇ? ತಗೋ.”

ಮುಖ ನೋಡಿದೆ. ಕಣ್ಣಿನ ಕೆಳಗೆ ಕಪ್ಪು. ನಿದ್ದೆಯಿಲ್ಲದೆ ಎಷ್ಟೋ ದಿನವಾದ ಮುಖ. ನನಗೆ ಹೆದರಿಕೆಯಾಯಿತು.

ಯಾಕೆ ಗೊತ್ತೆ? ಐವತ್ತೊಂದಾದರೂ ಅತ್ತಿಗೆ ಇನ್ನೂ ಪ್ರತಿ ತಿಂಗಳೂ ‘ಹೊರಗೆ’ ಕೂರುತ್ತಿದ್ದರು. (ಸಂಪಾದಕರೇ, ಕತ್ತರಿ ಕೆಳಗಿಡಿ. ನಿಮ್ಮ ಮನೆಯಲ್ಲೂ ಹೆಂಗಸರಿದ್ದಾರೆ.) ಹಿತ್ತಿಲಿನ ಸೌದೆ ಕೋಣೆಯ ಮುಂದೆ ಒಂದು ಪುಟ್ಟ ಜಗಲಿ. ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಮೂರು ದಿನ ಅವರನ್ನು ಯಾರೂ ಮುಟ್ಟುವಂತಿಲ್ಲ. ಅವರೂ ಏನನ್ನೂ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಆ ಮೂರು ದಿನ ಅಮ್ಮ ಸಾರು ಮಾಡುತ್ತಾಳೆ, ಅಣ್ಣ ಮುದ್ದೆ ತಿರುವುತ್ತಾನೆ. (ಅಣ್ಣನ ಮುದ್ದೆಯಲ್ಲಿ ಗಂಟು ಹುಡುಕಬೇಕಾಗಿಲ್ಲ. ಗಂಟುಗಳ ನಡುವೆ ಮುದ್ದೆಯನ್ನು ಹುಡುಕಬೇಕು.)

ನನ್ನ ಮನೆಯ ಹಿಂದಿನ ಬೀದಿಯಲ್ಲಿ ಜಯಮ್ಮ ಎಂಬಾಕೆ ಇದ್ದರು. ಈ ವಯಸ್ಸಿನಲ್ಲಿ ಸ್ರಾವ ನಿಲ್ಲದೆ ಹೋದರೂ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಆಕೆಯ ನೆನಪಾಗಿ ಮಜ್ಜಿಗೆಯನ್ನು ಅಲ್ಲೇ ಕೆಳಗಿಟ್ಟೆ.

“ನಾಳೆ ಲೇಡಿ ಡಾಕ್ಟರ ಹತ್ತಿರ ಹೋಗೋಣ” ಎಂದೆ.

“ಯಾಕೆ? ನನಗೇನಾಗಿದೆ?”

“ಏನೂ ಆಗಿಲ್ಲ ಅಂತ ಅವರೇ ಹೇಳ್ಲಿ.”

“ನಾಳೆ ಉಲ್ಲಾಳದವರು ಬರ್ತಾರಲ್ಲೇ!”

“ಅವರಿಗೆ ಅಣ್ಣನ ಮುದ್ದೆ. ಇನ್ನೊಂದು ಸಲ ಬರೋದೇ ಇಲ್ಲ.”

ಹೀಗೆ ಎಳೆದುಕೊಂಡೇ ಹೋದೆ. ಮಾಗಡಿ ರೋಡಿನ ತನಕ ನಡೆದು ಬಸ್ಸು ಹತ್ತಿದೆವು. ದಾರಿಯಲ್ಲಿ ಅತ್ತಿಗೆ ಎರಡು ಸಲ, ವಾಪಸು ಹೋಗೋಣ ಎಂದರು. ಹೆದರಿದ್ದಾರೆ ಎಂದುಕೊಂಡೆ. ಹೆದರಿದ್ದೇನೋ ನಿಜವೇ. ಆದರೆ ಕಾಯಿಲೆಗಲ್ಲ.

ಡಾಕ್ಟರು ಗಟ್ಟಿ ದನಿಯ ನಗುಮುಖದ ಹೆಂಗಸು. ಅತ್ತಿಗೆಯನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡರು. ಕೇಳದಿದ್ದರೂ ನಾನೇ ಶುರು ಮಾಡಿದೆ. ಈ ವಯಸ್ಸಿನಲ್ಲೂ ತಿಂಗಳು ತಿಂಗಳೂ ಆಗುತ್ತಿದೆ, ಮೈ ಕಾವೇರುತ್ತೆ, ನಿದ್ದೆಯಿಲ್ಲ, ಎದೆ ಡವಡವ ಅನ್ನುತ್ತೆ, ಸಣ್ಣ ಮಾತಿಗೂ ಅಳು ಬರುತ್ತೆ... ಡಾಕ್ಟರು ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

“ನೀವು ಹೇಳಿಮ್ಮಾ. ಕೊನೇ ಸಲ ಆಗಿದ್ದು ಯಾವಾಗ?”

ಅತ್ತಿಗೆ ನೆಲ ನೋಡುತ್ತ ಹೇಳಿದರು: “ಹೋದ ವರ್ಷ. ಗೌರಿ ಹಬ್ಬದ ಹಿಂದಿನ ವಾರ.”

“ಅತ್ತಿಗೇ! ಹೋದ ವಾರ ತಾನೇ ಕೂತಿದ್ರಿ?”

“ಕೂತಿದ್ದೆ ಕಣೇ. ಆಗಿರ್ಲಿಲ್ಲ.”

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

ಪರೀಕ್ಷೆ ಮಾಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಡಾಕ್ಟರು ನಿಧಾನವಾಗಿ ವಿವರಿಸಿದರು. “ನಿಮ್ಮ ಬೀದಿ ನಲ್ಲೀಲಿ ನೀರು ನಿಲ್ಲೋ ಮುಂಚೆ ಏನಾಗುತ್ತೆ? ಒಂದು ಸಲ ಜೋರಾಗಿ ಬರುತ್ತೆ, ಒಂದು ಸಲ ಬರೀ ಬುಸ್ ಅನ್ನುತ್ತೆ, ಆಮೇಲೆ ನಿಲ್ಲುತ್ತೆ. ಮೈಯೊಳಗೆ ಹಾರ್ಮೋನು ಅಂತ ಒಂದು ರಸ ಇರುತ್ತಮ್ಮಾ. ಈಗ ಅದು ಕಡಿಮೆಯಾಗ್ತಾ ಇದೆ. ಕಾವು, ಬೆವರು, ನಿದ್ದೆಗೇಡು, ಅಳು ಎಲ್ಲಾ ಅದರದೇ ಆಟ. ಇದು ಕಾಯಿಲೆ ಅಲ್ಲ. ಆದರೆ ಕಷ್ಟ ಹೌದು. ಹೊಂದಿಕೊಳ್ಳೋಕೆ ಮೈಗೆ ಹೊತ್ತು ಬೇಕು. ರಾಗಿ, ಹಾಲು, ಸೊಪ್ಪು, ಎಳ್ಳು ಚೆನ್ನಾಗಿ ತಿನ್ನಿ. ಎಲ್ಲರೂ ಉಂಡ ಮೇಲೆ ಉಳಿದದ್ದಲ್ಲ, ಎಲ್ಲರ ಜೊತೆ. ದಿನಾ ಬಿಸಿಲಲ್ಲಿ ಅರ್ಧ ಗಂಟೆ ನಡೀರಿ. ನಿದ್ದೆ ಬಂದಾಗ ಮಲಗಿ. ವರ್ಷ ಪೂರ್ತಿ ನಿಂತಿದ್ದು, ಮತ್ತೆ ಒಂದು ಹನಿ ಕಂಡ್ರೂ ಓಡಿ ಬನ್ನಿ. ಅದನ್ನ ಮಾತ್ರ ಮುಚ್ಚಿಡಬಾರದು.”

ಕೊನೆಗೆ ಕೇಳಿದರು: “ಆಗದೇ ಇದ್ದರೂ ಯಾಕಮ್ಮಾ ಕೂರ್ತಿದ್ರಿ?”

ಅತ್ತಿಗೆ ಸೆರಗಿನ ತುದಿ ಸುತ್ತಿದರು, ಬಿಚ್ಚಿದರು. ಉತ್ತರ ಕೊಟ್ಟದ್ದು ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು.

“ಮೊದಲನೇ ತಿಂಗಳು ಇವತ್ತು ಆಗುತ್ತೆ, ನಾಳೆ ಆಗುತ್ತೆ ಅಂತ ಕಾದೆ. ಎರಡನೇ ತಿಂಗಳು ಒಂದಿನ ಬೆಳಿಗ್ಗೆ ಎದ್ರೆ ಮೈಯೆಲ್ಲಾ ಬೆಂಕಿ. ನಡುಮನೇಲಿ ಆರು ಜನ ನೆಂಟರು ಕಾಫಿಗೆ ಕಾಯ್ತಾ ಕೂತವ್ರೆ. ಕಾಲು ತಾನಾಗೇ ಸೌದೆ ಕೋಣೆ ಕಡೆ ಹೋಯ್ತು ಕಣೇ. ಹೋಗಿ ಕೂತ್ಬಿಟ್ಟೆ. ಯಾರೂ ಕರೀಲಿಲ್ಲ. ಹಂಗೇ ಚಾಪೆ ಮೇಲೆ ಒರಗಿದೆ. ಮಧ್ಯಾಹ್ನದ ತನಕ ನಿದ್ದೆ ಬಂತು ರತ್ನ. ಮಧ್ಯಾಹ್ನದ ತನಕ!”

ಸ್ವರ್ಗ ಕಂಡು ಬಂದವರು ಕೂಡ ಅಷ್ಟು ಆಶ್ಚರ್ಯದಿಂದ ಹೇಳಲಾರರು.

“ಸುಸ್ತು ಅಂತ ಬಾಯಿಬಿಟ್ಟು ಹೇಳ್ಬಾರದಿತ್ತಾ?”

“ಹೇಳ್ದೆ. ನಿಮ್ಮಣ್ಣ ಟಾನಿಕ್ ತಂದ್ಕೊಟ್ರು. ಕುಡಿದು ಕೆಲಸ ಮಾಡು, ಸರಿಹೋಗುತ್ತೆ ಅಂದ್ರು.” ನನ್ನ ಕೈ ಹಿಡಿದರು. “ಮನೇಲಿ ಹೇಳ್ಬೇಡ ಕಣೇ. ಹೇಳಿದ್ರೆ ನನ್ನ ಮೂರು ದಿನ ಹೋಗುತ್ತೆ.”

ನನಗೆ ಆಗ ಇನ್ನೊಂದು ವಿಷಯ ಹೊಳೆಯಿತು. ಈ ಅಂಕಣವನ್ನು ಅತ್ತಿಗೆ ತಿಂಗಳಿಗೊಮ್ಮೆ ನಾಲ್ಕು ವಾರದ್ದನ್ನು ಒಟ್ಟಿಗೇ ಓದುತ್ತಿದ್ದರು. ಆ ಜಗಲಿಯ ಮೇಲೆ ಕೂತು. ಉಳಿದ ದಿನ ಅವರ ಕೈಗೆ ಪತ್ರಿಕೆ ಸಿಕ್ಕಿದರೂ ಅದು ಒಲೆ ಹೊತ್ತಿಸಲು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಉಳಿಸಿಕೊಂಡೆನೆ?

ಮನೆ ಬಾಗಿಲಲ್ಲೇ ಅಣ್ಣ ನಿಂತಿದ್ದ. ಅರ್ಧ ದಿನ ಲೀವು ಹಾಕಿ ಬಂದಿದ್ದನಂತೆ. ಮುಖದಲ್ಲಿ ರಕ್ತವಿರಲಿಲ್ಲ. “ಏನಂದ್ರೇ? ದೊಡ್ಡ ಕಾಯಿಲೆ ಏನಾದ್ರೂ...” ಎಂದ. ನನ್ನ ಅಣ್ಣ ಕೆಟ್ಟವನಲ್ಲ, ಸ್ವಾಮಿ. ಅವನ ಆ ಮುಖ ನೋಡಿ ಕರಗಿ ನನ್ನ ನಾಲಗೆ ತಾನೇ ಹೊರಳಿತು: “ಏನೂ ಭಯ ಇಲ್ಲಣ್ಣ. ಅತ್ತಿಗೆಗೆ ನಿಂತು ವರ್ಷದ ಮೇಲಾಯ್ತಂತೆ. ಅದರದೇ ಸುಸ್ತು, ಅಷ್ಟೇ.”

“ಸದ್ಯ!” ಎಂದು ಉಸಿರುಬಿಟ್ಟ. ಮರುಕ್ಷಣವೇ ನಗು. “ಹಾಗಾದ್ರೆ ಇನ್ಮೇಲೆ ಆ ತಾಪತ್ರಯಾನೂ ಇಲ್ಲ ಅನ್ನು! ಮುದ್ದೆ ತಿರುವೋ ಕಾಟ ನನಗೆ ತಪ್ತು.” ಆಮೇಲೆ ಹುಬ್ಬು ಗಂಟಿಕ್ಕಿದ. “ತಡಿ ತಡಿ. ಹಂಗಾದ್ರೆ ಹೋದ ವಾರ ಕೂತಿದ್ದು?”

ಅತ್ತಿಗೆ ಉಟ್ಟ ಸೀರೆಯಲ್ಲೇ ಅಡುಗೆಮನೆಗೆ ಹೋದರು. ಪಾತ್ರೆ ಸದ್ದಾಯಿತು. ತಿಂಗಳಿಗೆ ಮೂವತ್ತು ದಿನದ ಡ್ಯೂಟಿ ಶುರುವಾಯಿತು.

ಆಗ ಮೂಲೆಯಿಂದ ಅಮ್ಮ ಎಲೆಅಡಿಕೆ ಅಗಿಯುತ್ತಲೇ ಹೇಳಿದಳು: “ಅವಳು ಆ ದಿನಗಳ ಬಟ್ಟೆ ಒಗೆದು ಒಣಗಿಹಾಕಿ ವರ್ಷವಾಯ್ತು. ನನ್ನ ಕಣ್ಣು ಮಂಜಾಗಿರೋದು, ಕುರುಡಾಗಿಲ್ಲ.”

“ಗೊತ್ತಿದ್ದೂ ಸುಮ್ನಿದ್ಯಾ ಅಮ್ಮ?”

“ನನಗೆ ನಿಂತಾಗ ನಲವತ್ತೆಂಟು. ಮನೇಲಿ ಹದಿನೇಳು ಜನ, ಕೊಟ್ಟಿಗೇಲಿ ಹಸು ಎಮ್ಮೆ. ಬೆವರು ಒರೆಸ್ಕೊಂಡು ಅಳ್ತಾ ಹಿಟ್ಟು ಬೀಸ್ತಿದ್ದೆ. ಯಾರಾದ್ರೂ ಕೇಳಿದ್ರೆ ಕಣ್ಣಿಗೆ ಹೊಗೆ ಅಂತಿದ್ದೆ. ಈ ಬುದ್ಧಿ ನನಗೆ ಆಗ ಹೊಳೀಲಿಲ್ವಲ್ಲ ಅಂತ ಹೊಟ್ಟೆ ಉರೀತಿತ್ತು ಕಣೇ. ಅದಕ್ಕೇ ಸುಮ್ನಿದ್ದೆ.”

ಮಡಿ ಮೈಲಿಗೆ ಎಂದು ನಮ್ಮನ್ನೆಲ್ಲ ಹಿಂಡಿ ಬೆಳೆಸಿದ ಅಮ್ಮನೆ ಇವಳು? ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಒಂದು ಮಾತ್ರ ತೀರ್ಮಾನವಾಯಿತು. ಕೆಡಿಸಿದವಳು ನಾನು. ಸರಿಮಾಡುವವಳೂ ನಾನೇ.

“ಅಣ್ಣ, ನಿನಗೆ ಭಾನುವಾರ ರಜಾ ಉಂಟು ತಾನೇ?”

“ಉಂಟು.”

“ಕ್ಯಾಶುವಲ್ ಲೀವು?”

“ಉಂಟು.”

“ನಿಮ್ಮ ಫ್ಯಾಕ್ಟರಿ ಮೆಷಿನ್ನಿಗೆ?”

“ಅದಕ್ಕೂ ತಿಂಗಳಿಗೊಂದಿನ ನಿಲ್ಲಿಸಿ ಎಣ್ಣೆ ಬಿಡ್ತಾರೆ.” ಹೇಳಿದ ಮೇಲೆ ನಾನು ಎಲ್ಲಿಗೆ ಬಂದೆನೆಂದು ಅವನಿಗೆ ಗೊತ್ತಾಯಿತು. ತಲೆ ಕೆರೆದುಕೊಂಡ. ಗೋಡೆಯ ಕ್ಯಾಲೆಂಡರು ಇಳಿಸಿ ಅವನ ಕೈಗೇ ಪೆನ್ಸಿಲ್ ಕೊಟ್ಟೆ. ಮಾರ್ಗಶಿರದಲ್ಲಿ ಮೂರು ದಿನಕ್ಕೆ ಅವನೇ ಸುತ್ತು ಹಾಕಿದ. ಸೌದೆ ಕೋಣೆಯಲ್ಲಲ್ಲ, ಒಳಕೋಣೆಯಲ್ಲಿ, ಮಂಚದ ಮೇಲೆ. ಸುಳ್ಳಿಲ್ಲದ ಮೂರು ದಿನ.

ಗೆದ್ದೆವು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಸುತ್ತು ಹಾಕಿದ ಮೊದಲನೆಯ ದಿನವೇ ಉಲ್ಲಾಳದ ಸೋದರಮಾವ ಇಳಿದರು. ಜೊತೆಗೆ ನಾಲ್ಕು ಜನ, ಒಂದು ಮೂಟೆ ಸೊನೆ ಅವರೆಕಾಯಿ. “ರತ್ನ, ಎಲ್ಲೇ ನಮ್ಮ ಹುಡುಗಿ? ಅವಳ ಕೈಯ ಹಿತಕಿದ ಬೇಳೆ ಸಾರು ಉಣ್ಣೋಕೇ ಬಂದಿದೀನಿ!”

ಗೊತ್ತಲ್ಲ ನಿಮಗೆ? ಕಾಯಿ ಬಿಡಿಸಬೇಕು, ಕಾಳು ನೆನೆಹಾಕಬೇಕು, ಒಂದೊಂದೇ ಕಾಳನ್ನು ಬೆರಳ ಸಂದಿಯಲ್ಲಿ ಹಿತಕಿ ಸಿಪ್ಪೆ ತೆಗೆಯಬೇಕು. ಹತ್ತು ಹನ್ನೊಂದು ಜನರ ಸಾರಿಗೆ ಅರ್ಧ ದಿನ ಬೇಕು.

“ಸುಸ್ತಾಗಿದೆ, ಮಲಗವ್ಳೆ” ಎಂದ ಅಣ್ಣ. “ಅಯ್ಯೋ, ನಾವು ಬಂದಿದೀವಿ ಅನ್ನು, ಎದ್ದು ಬರ್ತಾಳೆ” ಎಂದರು ಮಾವ. ಅಷ್ಟೇ. ಒಳಗೆ ಮಂಚ ಕಿರ್ರೆಂದಿತು. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ ಬಾಗಿಲಿಗೆ ಬಂದೇಬಿಟ್ಟರು.

ಆಗ ನನಗೆ ಅರ್ಥವಾಯಿತು. ಇದೇ ಮಾವ ಎಷ್ಟು ಸಲ ಬಂದಿಲ್ಲ? ಅತ್ತಿಗೆ ಜಗಲಿಯ ಮೇಲಿದ್ದಾಗ “ಓಹೋ, ಹೊರಗಾ?” ಎಂದು ತೆಪ್ಪಗೆ ಗಂಟುಮುದ್ದೆ ನುಂಗಿ ಎದ್ದವರೇ. ‘ಮುಟ್ಟಬೇಡಿ’ ಎಂಬ ಮಾತಿನ ಸುತ್ತ ಒಂದು ಗೋಡೆಯಿತ್ತು. ‘ಸುಸ್ತಾಗಿದೆ’ ಎಂಬ ಮಾತಿಗೆ ಒಂದು ಬೇಲಿಯೂ ಇಲ್ಲವಲ್ಲ! ನಮಗೆ ಮೈಲಿಗೆಯ ಮೇಲಿರುವ ಭಯದಲ್ಲಿ ಕಾಲುಪಾಲು ಮನುಷ್ಯರ ಆಯಾಸದ ಮೇಲೂ ಇರಬಾರದೆ?

ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಎದ್ದಳು. ಕೋಲೂರಿಕೊಂಡು ಬಂದು ಒಳಕೋಣೆಯ ಹೊಸ್ತಿಲ ಮೇಲೆ, ಹೌದು, ಹೊಸ್ತಿಲ ಮೇಲೇ, ಅಡ್ಡ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂತರೆ ಮನೆಗೆ ದರಿದ್ರ ಎಂದು ನನ್ನ ತೊಡೆ ಚಿವುಟಿ ಕಲಿಸಿದವಳು!

“ಹೋಗು, ಮಲಗು” ಎಂದಳು ಸೊಸೆಗೆ.

“ಅತ್ತೆ, ಮಾವ ಬಂದವ್ರೆ...”

“ನನ್ನ ತಮ್ಮ ತಾನೇ? ಅವನಿಗೆ ಬೆರಳಿಲ್ವಾ? ಲೋ, ಮೊರ ತಗೊಂಡು ಕೂತ್ಕೊಳೋ. ಕಾಯಿ ಬಿಡಿಸು. ನಿನ್ನ ಅವರೆಕಾಯಿ, ನೀನೇ ಹಿತಕು.”

ಮಾವ ನಗಾಡಿದರು. ಅಮ್ಮ ನಗಲಿಲ್ಲ. ಮಾವ ಕೂತರು. ಜೊತೆಗೆ ಬಂದ ನಾಲ್ವರೂ ಕೂತರು. ಅಣ್ಣನೂ ಅವನ ಗಂಡುಮಕ್ಕಳೂ ಪಂಚೆ ಮಡಿಚಿ ಕೂತರು. ನೆನೆದ ಕಾಳು ಹಿತಕುವುದು ಸುಲಭವೆಂದುಕೊಂಡಿರಾ? ಮೊದಲನೆಯ ಬೇಳೆ ಹಾರಿ ಮಾವನ ಕನ್ನಡಕಕ್ಕೆ ಬಡಿಯಿತು. ಎರಡನೆಯದು ದೇವರ ಪಟಕ್ಕೆ. ಹೊತ್ತು ನೆತ್ತಿಗೇರಿ ಇಳಿಯುವಾಗ ಮಾವ ಬೆರಳು ಊದಿಕೊಳ್ಳುತ್ತ ಕೇಳಿದರು: “ಅಕ್ಕಾ, ಇದನ್ನ ಆ ಹುಡುಗಿ ಒಬ್ಬಳೇ ಮಾಡ್ತಿದ್ಲಾ? ಪ್ರತಿ ವರ್ಷ?”

“ನಿನಗೆ ಉಣ್ಣೋಕೆ ಗೊತ್ತಿತ್ತು. ಈಗ ಇದೂ ಗೊತ್ತಾಯ್ತು.”

ಸಾರು ಇಳಿಯಿತು. ಒಳಗಿನಿಂದ ದನಿ ಬಂತು: “ಉಪ್ಪು ಹಾಕಿದ್ರಾ?”

ಹಾಕಿರಲಿಲ್ಲ. ಆದರೂ ಅಮ್ಮ ಗದರಿದಳು: “ನೀನು ಮಲಗು!”

ಅತ್ತಿಗೆಯ ಅಪ್ಪಣೆ ಪಡೆದೇ ಇದನ್ನೆಲ್ಲ ಬರೆದಿದ್ದೇನೆ. “ನನ್ನ ಹೆಸರೊಂದು ಹಾಕ್ಬೇಡ. ಆ ಡಾಕ್ಟರು ಹೇಳಿದ್ದು ಮಾತ್ರ ಪೂರ್ತಿ ಹಾಕು” ಎಂದರು. ಹಾಕಿದ್ದೇನೆ. ಕಾವು ಇನ್ನೂ ಬರುತ್ತದೆ, ಹೋಗುತ್ತದೆ. ಸಂಜೆ ಬಿಸಿಲಲ್ಲಿ ನಾವಿಬ್ಬರೂ ಬಡಾವಣೆಯಾಚೆಯ ಹೊಲದ ತನಕ ನಡೆದು ಬರುತ್ತೇವೆ. ನನಗೀಗ ನಲವತ್ತೈದು, ನನ್ನ ನಲ್ಲಿಯೂ ಬುಸ್ ಎನ್ನತೊಡಗಿದೆ. ನಾನು ಸೌದೆ ಕೋಣೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ಮೂರು ಸುತ್ತು ಬಿದ್ದಾಗಿದೆ.

ನಿಮ್ಮ ಮನೆಯಲ್ಲಿ ಒಂದು ಪೆನ್ಸಿಲ್ ಇಲ್ಲವೆ?