ಮೂರು ದಿನದ ನೀರು

ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಕುಂಬ್ಡಾಜೆಯ ಗುಡ್ಡಗಳನ್ನು ಹವಾಯಿ ಚಪ್ಪಲಿಯಲ್ಲೇ ಹತ್ತಿ ಇಳಿಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಗೂ ಬಂದು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, "ಅಕ್ಕಾ, ಮೂರು ದಿನಕ್ಕೆ ಆಗುವಷ್ಟು ನೀರು, ಅವಲಕ್ಕಿ ತೆಗೆದಿಟ್ಟದ್ದು ಉಂಟಾ?" ಎಂದು ಕೇಳುವರು.

ಆ ವರ್ಷ ನಾನು ಟಿವಿಯಿಂದ ಕಣ್ಣು ತೆಗೆಯದೆ "ಉಂಟು, ಉಂಟು" ಎಂದೆ. ಅವರು ನಂಬಿ ಪುಸ್ತಕದಲ್ಲಿ ಬರೆದುಕೊಂಡರು.

ಆಟಿ ತಿಂಗಳ ಮಳೆಗೆ ಗುಡ್ಡ ಜರಿದು ರಸ್ತೆ ಮುಚ್ಚಿತು. ಬಾವಿಗಳ ನೀರೆಲ್ಲ ಕೆಂಪು ಕೆಸರಾಯಿತು. ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಬಾಣಂತಿ ಮಗುವನ್ನೆತ್ತಿಕೊಂಡು ನಮ್ಮ ಜಗಲಿಗೆ ಬಂದಳು.

"ನಿಮ್ಮಲ್ಲಿ ಒಳ್ಳೆ ನೀರು ಉಂಟಂತೆ. ಆಶಾ ಅಕ್ಕ ಕಳಿಸಿದ್ರು."

ಇದ್ದದ್ದು ಒಂದು ಚೊಂಬು. ಅದನ್ನು ಕೊಟ್ಟೆ. ಹಿಂದೆಯೇ ಬಂದ ಆಶಾ ಕಾರ್ಯಕರ್ತೆಗೆ ನಿಜ ಹೇಳಬೇಕಾಯಿತು. ಅವರು ಬೈಯಲಿಲ್ಲ.

"ಮೊದಲೇ ಹೇಳಿದ್ರೆ ಇವಳನ್ನು ಈ ಗುಡ್ಡ ಹತ್ತಿಸ್ತಿರ್ಲಿಲ್ಲ" ಎಂದಷ್ಟೇ ಹೇಳಿ ಹೋದವರು, ತಮ್ಮ ಮಕ್ಕಳಿಗೆ ತೆಗೆದಿಟ್ಟಿದ್ದ ನೀರಿನ ಕ್ಯಾನನ್ನೇ ಹೆಗಲ ಮೇಲೆ ಹೊತ್ತು ತಂದರು.

ಮರುವರ್ಷವೂ ಬಂದರು. ಏನೂ ಕೇಳಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ, ನಮ್ಮ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಅದು ತುಂಬಿತ್ತು. ಆದರೂ ಅವರು ನೋಡಲೇಬೇಕಾಯಿತಲ್ಲ ಎಂಬುದು ನನಗೆ ಇಂದಿಗೂ ನೋವು.